ಸುಮ್ನೆ ಸಿಸೇರಿಯನ್ ಮಾಡಿಸಿದರೆ ಏನು ಅಪಾಯ?

ತಂಗಿಗೆ ಮೊದಲ ಹೆರಿಗೆ, ಮನೆ ಹೊಸನಗರದ ಕಡೆ, ಮಳೆಗಾಲದಲ್ಲಿ ನೋವು ಶುರುವಾದರೆ ಕಷ್ಟ, ಮೊದಲೇ ದಿನ ನೋಡಿ ಸಿಸೇರಿಯನ್ ಮಾಡಿಸೋಣವಾ ಎಂದು ಕೇಳಿದ್ದೀರಿ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ರಸ್ತೆಗೆ ಹೆದರಿ ಹೊಟ್ಟೆ ಕೊಯ್ಸಬೇಡಿ. ಕೊನೆಯ ಒಂದೆರಡು ವಾರ ಶಿವಮೊಗ್ಗದಲ್ಲಿ ನೆಂಟರ ಮನೆಯಲ್ಲಿ ಇರಿಸಿ.

ಮಗು ಅಡ್ಡ ಇದ್ದರೆ, ಕಸ (ಮಾಸು, ಅಂದರೆ ಪ್ಲಾಸೆಂಟಾ) ಗರ್ಭಕೋಶದ ಬಾಯಿ ಮುಚ್ಚಿದ್ದರೆ, ಮಗುವಿನ ಎದೆಬಡಿತ ಇಳಿಯುತ್ತಿದ್ದರೆ ಸಿಸೇರಿಯನ್ ಜೀವ ಉಳಿಸುತ್ತದೆ. ಆಗ ಯೋಚಿಸುತ್ತಾ ಕೂರಬೇಡಿ.

ಕಾರಣವಿಲ್ಲದೆ ಮಾಡಿಸಿದರೆ ತಾಯಿಗೆ ರಕ್ತ ಜಾಸ್ತಿ ಹೋಗಬಹುದು, ಗಾಯ ಕೀವಾಗಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ನಮ್ಮ ಕಡೆ ಬಾಣಂತಿಯನ್ನು ಕೋಣೆಯಲ್ಲಿ ಮಲಗಿಸಿ, ನೀರು ಕಡಿಮೆ ಕೊಡುತ್ತಾರಲ್ವಾ, ಅದು ಈ ಹೆಪ್ಪಿಗೆ ಇನ್ನೂ ದಾರಿ ಮಾಡುತ್ತದೆ. ನಮ್ಮಕ್ಕ ಸಿಸೇರಿಯನ್ ಆದ ಮೇಲೆ ಕೆಮ್ಮು ಬಂದಾಗಲೆಲ್ಲ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕಣ್ಣು ಮುಚ್ಚುತ್ತಿದ್ದಳು, ಆದರೂ ಡಾಕ್ಟರು ಮರುದಿನವೇ ಎಬ್ಬಿಸಿ ನಡೆಸಿದರು, ಅದು ಸರಿಯೇ.

39 ವಾರಕ್ಕೆ ಮುಂಚೆ, ನೋವೂ ಬರದೆ ತೆಗೆದ ಮಗುವಿನ ಶ್ವಾಸಕೋಶದಲ್ಲಿ ನೀರು ಉಳಿದು ಉಸಿರಾಟ ಕಷ್ಟವಾಗಬಹುದು. ಒಳ್ಳೆಯ ಮುಹೂರ್ತ ಅಂತ ಬೇಗ ತೆಗೆಸುವವರು ಇದನ್ನು ಖಂಡಿತ ಕೇಳಿಸಿಕೊಳ್ಳಬೇಕು.

ಜನ ಮರೆಯುವುದು ಮುಂದಿನ ಬಸಿರನ್ನು. ಗರ್ಭಕೋಶದ ಹಳೆ ಗಾಯಕ್ಕೆ ಕಸ ಅಂಟಿಕೊಂಡು ಬಿಡದೇ ಹೋಗಬಹುದು, ಅಪರೂಪಕ್ಕೆ ನೋವಿನ ಹೊತ್ತಿನಲ್ಲಿ ಆ ಹೊಲಿಗೆಯೇ ಬಿಚ್ಚಿಕೊಳ್ಳಬಹುದು, ಪ್ರತಿ ಸಿಸೇರಿಯನ್‌ಗೂ ಕಸ ಅಂಟುವ ಅಪಾಯ ಏರುತ್ತಾ ಹೋಗುತ್ತದೆ. ಹಾಗಂತ ಒಮ್ಮೆ ಆದರೆ ಮತ್ತೆ ಅದೇ ಗತಿ ಎಂದೇನಿಲ್ಲ, ಎಷ್ಟೋ ಜನರಿಗೆ ಎರಡನೆಯದು ಮಾಮೂಲಿ ಹೆರಿಗೆಯೇ ಆಗುತ್ತದೆ, ಆದರೆ ಅದು ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಯಲ್ಲೇ ಆಗಬೇಕು.