ಮಷೀನ್ ಬೇಡ ತಮ್ಮಾ, ಮೊದಲು ಒಂದು ಬಕೆಟ್ ತಗೋ

ತಮ್ಮಾ, ಬೆಳಗಾವಿಯಿಂದ ಡಾಲಸ್‌ಗೆ ಬಂದು ಮೂರು ತಿಂಗಳಾಯಿತು, ಆಫೀಸಿನವರು ಮನೆಯಲ್ಲೇ ಬಿಯರ್ ಮಾಡುತ್ತಾರೆ, ನಾನೂ ಮಾಡಬೇಕು, ಸಾಮಾನು ಏನೇನು ತಗೊಳ್ಳಲಿ, ಪೊಲೀಸರ ತೊಂದರೆ ಇಲ್ವಾ ಅಂತ ಕೇಳಿದ್ದೀಯ. ಜೊತೆಗೆ ಬಿಯರ್ ಕುದಿಸುವ 400 ಡಾಲರಿನ ಕರೆಂಟ್ ಮಷೀನಿನ ಫೋಟೋ ಕಳಿಸಿದ್ದೀಯ. ಅದನ್ನು ಈಗ ತಗೊಳ್ಳಬೇಡ. ನಾನು ವಿಜಯಪುರದವನು, ಇಲ್ಲಿಗೆ ಬಂದು 16 ವರ್ಷ ಆಯಿತು, ಬಿಯರ್ ಮಾಡುತ್ತಾ 11 ವರ್ಷ.

ನಮ್ಮ ಕಡೆ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮಾಡಿದರೆ ಅಬಕಾರಿಯವರು ಬಿಡುವುದಿಲ್ಲ, ಹಾಗಾಗಿ ನಿನ್ನ ಭಯ ಸಹಜ. ಇಲ್ಲಿ ಹಾಗಿಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇದಕ್ಕೆ ಅವಕಾಶ ಕೊಡುವ ಕಾನೂನಿಗೆ ಸಹಿ ಹಾಕಿದರು. ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ದರೆ 200. ಮಾರುವಂತಿಲ್ಲ. ಸಾಮಾನಿನ ಖರ್ಚು ಅಂತಲೂ ಗೆಳೆಯರಿಂದ ದುಡ್ಡು ತಗೋಬೇಡ. ಇನ್ನೊಂದು, ಒಂದು ಗ್ಲಾಸ್ ಕುಡಿದರೂ ಕಾರಿನ ಕೀಲಿ ಮುಟ್ಟಬೇಡ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ವೀಸಾನೇ ರದ್ದಾಗಬಹುದು.

ಈಗ ಸಾಮಾನಿನ ವಿಷಯ. ಆ ಮಷೀನ್ ಮಾಡುವುದು ಕುದಿಸುವ ಕೆಲಸ. ಕುದಿಯುವಾಗ ಬಿಯರ್ ಕೆಡುವುದಿಲ್ಲ, ಆರಿದ ಮೇಲೆ ಕೆಡುತ್ತದೆ. ಅದಕ್ಕೇ ದುಡ್ಡು, ಗಮನ ಎರಡೂ ಆರಿದ ಮೇಲಿನ ಕೆಲಸಕ್ಕೆ ಹೋಗಲಿ. ಮೊದಲು 1 ಗ್ಯಾಲನ್ ಮಾತ್ರ ಮಾಡು, ಅಂದರೆ 3.8 ಲೀಟರ್, ಸುಮಾರು 10 ಬಾಟಲಿ. ಅಷ್ಟನ್ನು ಕುದಿಸಲು ಮನೆಯಲ್ಲಿರುವ ದೊಡ್ಡ ಸ್ಟೀಲ್ ಪಾತ್ರೆ ಸಾಕು, ಒಗ್ಗರಣೆ ಜಿಡ್ಡು ಮಾತ್ರ ಇರಬಾರದು. ಧಾನ್ಯ ಅರೆದು ನೆನೆಸುವ ಗೋಜು ಈಗ ಬೇಡ, ಮೊಳಕೆ ಬಾರ್ಲಿಯಿಂದ ತೆಗೆದ ಸಿದ್ಧ ಪಾಕ, ಅಂದರೆ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ ತಗೋ. ಕುದಿಸಿದ್ದನ್ನು ಸಿಂಕಿನಲ್ಲಿ ಐಸ್ ಹಾಕಿ ಅದರಲ್ಲಿಟ್ಟು ಬೇಗ ಆರಿಸು.

ಹುದುಗಿಸಲು 2 ಗ್ಯಾಲನ್ನಿನ ಫುಡ್ ಗ್ರೇಡ್ ಪ್ಲಾಸ್ಟಿಕ್ ಬಕೆಟ್, ಬಿಗಿ ಮುಚ್ಚಳ, ಅದಕ್ಕೆ ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಒಂದು ಏರ್‌ಲಾಕ್. ಕಾರ್ಬಾಯ್ ಅನ್ನುವ ಗಾಜಿನ ದೊಡ್ಡ ಬುದ್ದಲಿ ನೋಡಲು ಚೆಂದ, ಆದರೆ ಒದ್ದೆ ಕೈಯಿಂದ ಜಾರಿದರೆ ಆಸ್ಪತ್ರೆಯೇ ಗತಿ, ಬೇಡ. ಬಕೆಟನ್ನು ತಂತಿ ಬ್ರಷ್ಷಿನಿಂದ ಉಜ್ಜಬೇಡ, ಗೀರು ಬಿದ್ದಲ್ಲಿ ಕೊಳೆ ಕೂರುತ್ತದೆ. ರೋಗಾಣು ಕೊಲ್ಲಲು ಸ್ಟಾರ್ ಸ್ಯಾನ್ ಅನ್ನುವ ದ್ರಾವಣ ಸಿಗುತ್ತದೆ, ಒಂದು ಗ್ಯಾಲನ್ ನೀರಿಗೆ ಸುಮಾರು 6 ಎಂ.ಎಲ್. ಹಾಕಿದರೆ ಸಾಕು, ಆಮೇಲೆ ತೊಳೆಯುವುದೂ ಬೇಡ, ನೊರೆ ಉಳಿದರೆ ಏನೂ ಆಗುವುದಿಲ್ಲ. ಅವ್ವ ಉಪ್ಪಿನಕಾಯಿ ಭರಣಿಗೆ ಹಸಿ ಕೈ ಹಚ್ಚಗೊಡುವುದಿಲ್ಲ ಅಲ್ವಾ, ಇಲ್ಲೂ ಅಷ್ಟೇ ಮಡಿ.

ಒಳಗೆ ಸಕ್ಕರೆ ಎಷ್ಟು ಉಳಿದಿದೆ ಅಂತ ಅಳೆಯುವ ಹೈಡ್ರೋಮೀಟರ್ ಮಾತ್ರ ಬಿಡಬೇಡ, ಅದೇನು ದುಬಾರಿ ಅಲ್ಲ. ಶುರುವಿನಲ್ಲಿ ನಾನು ಅದಿಲ್ಲದೆ, ಗುಳ್ಳೆ ನಿಂತಿತು ಅಂತ ಹತ್ತನೇ ದಿನಕ್ಕೆ ಬಾಟಲಿಗೆ ತುಂಬಿಬಿಟ್ಟೆ. ಒಳಗೆ ಇನ್ನೂ ಸಕ್ಕರೆ ಉಳಿದಿತ್ತು, ಅದು ಬಾಟಲಿಯಲ್ಲೇ ಹುದುಗಿ ಗ್ಯಾಸ್ ತುಂಬಿತು. ಒಂದು ರಾತ್ರಿ ಕಪಾಟಿನಲ್ಲಿ ನಾಲ್ಕು ಬಾಟಲಿ ಒಡೆದವು. ಗಾಜಿನ ಚೂರು ಅಡುಗೆಮನೆ ತುಂಬಾ. ಮಗಳು ಆಗ ಅಂಬೆಗಾಲಿಡುತ್ತಿದ್ದಳು, ಬೆಳಗಿನವರೆಗೆ ನಾನು, ಹೆಂಡತಿ ಇಬ್ಬರೂ ನೆಲ ಒರೆಸಿದೆವು. ಎರಡು ವಾರ ಬಿಡು, ಆಮೇಲೆ ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆ. ಅಂಕಿ ಬದಲಾಗಲಿಲ್ಲ ಅಂದರೆ ಮಾತ್ರ ತುಂಬು. ಬಿಯರಿನಲ್ಲಿ ನೊರೆ ಬರಿಸುವ ಗ್ಯಾಸಿಗೆ ಇಡೀ ಗ್ಯಾಲನ್ನಿಗೆ ಸೇರಿ 25 ಗ್ರಾಂ ಸಕ್ಕರೆ, ತೂಕ ಮಾಡಿಯೇ ಹಾಕು, ಕೈ ಅಂದಾಜು ಬೇಡ.

ಡಾಲಸ್‌ನಲ್ಲಿ ನಿನಗೆ ನಿಜವಾದ ತೊಂದರೆ ಸೆಕೆ. ಏಲ್ ಬಗೆಯ ಬಿಯರನ್ನು ಹುದುಗಿಸುವ ಯೀಸ್ಟಿಗೆ 18ರಿಂದ 20 ಡಿಗ್ರಿ ಸೆಲ್ಸಿಯಸ್ ಬೇಕು. ಹುದುಗುವಾಗ ಬಕೆಟ್ ತಾನೇ ಬಿಸಿಯಾಗುತ್ತದೆ, ರೂಮಿಗಿಂತ ಕೆಲವು ಡಿಗ್ರಿ ಜಾಸ್ತಿ. ಬಿಸಿ ಏರಿದರೆ ಥಿನ್ನರ್ ತರದ ವಾಸನೆ ಬರುತ್ತದೆ. ಇದಕ್ಕೆ ಫ್ರಿಜ್ ತಗೋಬೇಕಿಲ್ಲ. ಬೇಸಿಗೆಯಲ್ಲಿ ಮನೆಯಲ್ಲಿ ನೀರಿನ ಹರವಿಗೆ ಒದ್ದೆ ಬಟ್ಟೆ ಸುತ್ತುತ್ತಾರಲ್ಲ, ಅದನ್ನೇ ಮಾಡು. ದೊಡ್ಡ ಟಬ್ಬಿನಲ್ಲಿ ಒಂದು ಗೇಣು ನೀರು, ಅದರಲ್ಲಿ ಬಕೆಟ್, ಮೇಲೊಂದು ಒದ್ದೆ ಟೀ ಶರ್ಟ್, ಎದುರಿಗೆ ಫ್ಯಾನ್. ಬೆಳಿಗ್ಗೆ ಸಂಜೆ ಒಂದೊಂದು ಐಸ್ ಬಾಟಲಿ ನೀರಿಗೆ ಹಾಕು. ನಾನು ಮೂರು ಬೇಸಿಗೆ ಹೀಗೇ ಕಳೆದೆ.

ಬಾಟಲಿ ಸುಮ್ನೆ ಕೊಳ್ಳಬೇಡ, ಆಫೀಸಿನವರ ಹತ್ತಿರ ಖಾಲಿ ಕೇಳು. ಕಂದು ಬಣ್ಣದ್ದಿರಲಿ, ತಿರುಗಿಸಿ ತೆಗೆಯುವ ಮುಚ್ಚಳದ್ದು ಬೇಡ, ಅದರ ಮೇಲೆ ಹೊಸ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಮುಚ್ಚಳ ಒತ್ತುವ ಕ್ಯಾಪರ್ ಮೊದಲ ಸಲ ಕಡ ತಗೋ. ನಾನೂ ಹಾಗೇ ಪಕ್ಕದ ಮನೆಯವರ ಹತ್ತಿರ ತಂದಿದ್ದೆ. ಎರಡು ವರ್ಷ ಬರೀ ಹಾಯ್ ಅನ್ನುತ್ತಿದ್ದ ಮನುಷ್ಯ ಅವತ್ತು ನಮ್ಮ ಅಡುಗೆಮನೆಯಲ್ಲಿ ಎರಡು ತಾಸು ನಿಂತು ಹೇಳಿಕೊಟ್ಟರು, ಹೋಗುವಾಗ ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹೋದರು. ಶನಿವಾರ ಸಂಜೆ ರೂಮಿನಲ್ಲಿ ಒಬ್ಬನೇ ಇರುವುದು ಕಷ್ಟ ಅಂತ ಬರೆದಿದ್ದೀಯಲ್ಲ, ಆ ಬಿಯರ್ ಮಾಡುವ ಆಫೀಸಿನವರನ್ನೇ ಒಂದು ಶನಿವಾರ ಮನೆಗೆ ಕರೆ. ಬರುವಾಗ ಕ್ಯಾಪರ್ ತರಲು ಹೇಳು.