ಕುಂದಾ ಪಂದ್ಯ ಗೆದ್ದವರು ಯಾರು?

ಪ್ರಶ್ನೆ: ಅಣ್ಣನ ಮಗನಿಗೂ ನನಗೂ ಅರ್ಧ ಕೆಜಿ ಕುಂದಾ ಪಂದ್ಯ. ಈಗ ಆನ್‌ಲೈನ್‌ನಲ್ಲಿ ಸ್ಪೇನ್‌ನ ಫುಟ್‌ಬಾಲ್ ಆಟಗಾರ ಲಮೀನ್ ಯಮಾಲ್‌ನದ್ದೇ ಹವಾ ಅಂತಾನೆ ಅವನು. ಇನ್‌ಸ್ಟಾಗ್ರಾಂನಲ್ಲಿ ಫ್ರಾನ್ಸ್‌ನ ಆಟಗಾರ ಎಂಬಾಪೆಗೆ ಎಷ್ಟೋ ಜಾಸ್ತಿ ಫಾಲೋವರ್ಸ್ ಇದ್ದಾರಲ್ಲ, ಗೆದ್ದದ್ದು ನಾನೇ ಅಲ್ವಾ?
– ಒಬ್ಬ ಓದುಗ, ಟಿಳಕವಾಡಿ, ಬೆಳಗಾವಿ

ಉತ್ತರ: ಅವಸರ ಮಾಡಬೇಡಿ. ಎಂಬಾಪೆ 2015ರಿಂದ ದೊಡ್ಡ ಮಟ್ಟದಲ್ಲಿ ಆಡುತ್ತಿದ್ದಾನೆ, 2018ರಲ್ಲಿ ವಿಶ್ವಕಪ್ ಗೆದ್ದ, ಇಷ್ಟು ವರ್ಷ ಕೂಡಿ ಬಂದ ಫಾಲೋವರ್ಸ್ ಅವು. ಒಮ್ಮೆ ಫಾಲೋ ಒತ್ತಿದವರು ಮರೆತರೂ ಲೆಕ್ಕದಲ್ಲಿ ಉಳಿದೇ ಇರುತ್ತಾರೆ. ಯಮಾಲ್ ಹುಟ್ಟಿದ್ದೇ 2007ರಲ್ಲಿ. ನಿಮ್ಮ ಪಂದ್ಯ ಇರುವುದು ‘ಈಗ’ ಅನ್ನುವ ಮಾತಿನ ಮೇಲೆ, ಅದನ್ನು ನೀವು ಮೆಲ್ಲಗೆ ಬಿಟ್ಟುಬಿಟ್ಟಿದ್ದೀರಿ!

ಈಗಿನ ಹವಾ ತಿಳಿಯಬೇಕಾದರೆ ಪೋಸ್ಟಿಗೆ ಬಂದ ಲೈಕು, ಕಮೆಂಟುಗಳನ್ನು ಫಾಲೋವರ್ಸ್ ಸಂಖ್ಯೆಯಿಂದ ಭಾಗಿಸಿ ನೋಡಿ. 1 ಕೋಟಿ ಜನ ಇದ್ದೂ 1 ಲಕ್ಷ ಲೈಕ್ ಬಂದರೆ ಶೇ. 1. ಬರೀ 10 ಲಕ್ಷ ಜನ ಇದ್ದು 50 ಸಾವಿರ ಬಂದರೆ ಶೇ. 5. ಆದರೆ ಇದನ್ನೂ ಪೂರ್ತಿ ನಂಬಬೇಡಿ, ಲೈಕು, ಫಾಲೋವರ್ಸ್ ಎಲ್ಲ ದುಡ್ಡಿಗೆ ಸಿಗುತ್ತವೆ.

ನನಗೆ ಇದಕ್ಕಿಂತ, ಗೂಗಲ್‌ನಲ್ಲಿ ಯಾವುದನ್ನು ಎಷ್ಟು ಹುಡುಕುತ್ತಾರೆ ಅಂತ ತೋರಿಸುವ ಗೂಗಲ್ ಟ್ರೆಂಡ್ಸ್ ಮೇಲೆ ನಂಬಿಕೆ ಜಾಸ್ತಿ, ಯಾಕಂದ್ರೆ ಹುಡುಕುವವರು ಯಾರಿಗೂ ತೋರಿಸಿಕೊಳ್ಳಲು ಹುಡುಕುವುದಿಲ್ಲ. ಆದರೆ ಅಲ್ಲಿ ಕಾಣುವ 100 ಅಂದರೆ 100 ಜನ ಅಲ್ಲ. ನೀವು ಆರಿಸಿದ ಅವಧಿಯಲ್ಲಿ ಹುಡುಕಾಟ ಅತಿ ಹೆಚ್ಚಿದ್ದ ಹೊತ್ತಿಗೆ 100 ಕೊಟ್ಟು, ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ಅಳೆಯುತ್ತಾರೆ. ಹಾಗಾಗಿ ನೀವೊಂದು ಗ್ರಾಫ್, ಅವನೊಂದು ಗ್ರಾಫ್ ತೆಗೆದು ಜಗಳ ಆಡಿದರೆ ಉಪಯೋಗ ಇಲ್ಲ, ಇಬ್ಬರು ಆಟಗಾರರನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಬೇಕು. ಬರೀ ಹೆಸರು ಟೈಪ್ ಮಾಡದೆ, ಕೆಳಗೆ ‘ಫುಟ್‌ಬಾಲ್ ಆಟಗಾರ’ ಅಂತ ಬರುವ ವಿಷಯವನ್ನೇ ಆರಿಸಿ. ಬೇರೆ ಬೇರೆ ಸ್ಪೆಲ್ಲಿಂಗ್, ಬೇರೆ ಭಾಷೆಯ ಹುಡುಕಾಟಗಳೂ ಆಗ ಸೇರಿಕೊಳ್ಳುತ್ತವೆ.

ಇನ್ನು ದಿನ. 2024ರ ಜುಲೈ 9ರಂದು ಯೂರೋ ಸೆಮಿಫೈನಲ್‌ನಲ್ಲಿ ಇದೇ ಯಮಾಲ್ ಇದೇ ಎಂಬಾಪೆಯ ಫ್ರಾನ್ಸ್ ವಿರುದ್ಧ ಗೋಲು ಹೊಡೆದ, ಆಗ ಅವನಿಗೆ 17 ತುಂಬಲು ಇನ್ನೂ ನಾಲ್ಕು ದಿನ ಬಾಕಿ ಇತ್ತು! ನಿಮ್ಮ ಹುಡುಗ ಆ ವಾರವನ್ನೇ ತೋರಿಸಿದರೆ ಒಪ್ಪಬೇಡಿ. ಗಣಪತಿ ವಿಸರ್ಜನೆ ದಿನ ಬೀದಿಯಲ್ಲಿ ತಲೆ ಎಣಿಸಿ ಬೆಳಗಾವಿಯ ಜನಸಂಖ್ಯೆ ಹೇಳಿದ ಹಾಗಾಗುತ್ತದೆ ಅದು. ಗಾಯವಾದರೂ, ಗಲಾಟೆ ಆದರೂ ಜನ ಹುಡುಕುತ್ತಾರೆ. ಮ್ಯಾಚ್ ಇಲ್ಲದ ವಾರಗಳಲ್ಲಿ ಗೆರೆ ಎಲ್ಲಿ ನಿಲ್ಲುತ್ತದೆ, ಅದನ್ನು ನೋಡಿ. ವಿಕಿಪೀಡಿಯಾ ಪುಟವನ್ನು ದಿನಕ್ಕೆ ಎಷ್ಟು ಸಲ ತೆರೆದಿದ್ದಾರೆ ಅನ್ನುವುದೂ ಪುಕ್ಕಟೆ ಸಿಗುತ್ತದೆ, ಅದು ನಿಜವಾದ ಎಣಿಕೆ.

ಹಾಂ, ಆನ್‌ಲೈನ್ ಪ್ರೀತಿ ಮೈದಾನಕ್ಕೆ ಬಂದೇ ಬರುತ್ತೆ ಅಂತೇನಿಲ್ಲ. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ ಫುಟ್‌ಬಾಲ್ ತಂಡದ ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದಾಗ ನೋಡಲು ಬಂದವರು ಮೂರು ಸಾವಿರಕ್ಕೂ ಕಡಿಮೆ. ‘ನಮ್ಮನ್ನು ಬೈಯಲಿಕ್ಕಾದರೂ ಬನ್ನಿ’ ಅನ್ನೋ ಅರ್ಥದಲ್ಲಿ ಅವರೇ ವಿಡಿಯೊ ಹಾಕಿ ಕರೆಯಬೇಕಾಯಿತು, ಮುಂದಿನ ಮ್ಯಾಚಿನ ಟಿಕೆಟ್ ಖಾಲಿ!

ಕಳೆದ 12 ತಿಂಗಳ ಗ್ರಾಫ್ ಇಬ್ಬರೂ ಕೂತು ತೆಗೆಯಿರಿ. ಅಲ್ಲಿವರೆಗೂ ಕುಂದಾ ಅಂಗಡಿಯಲ್ಲೇ ಇರಲಿ.