ಪ, ಬ, ಮ: ತುಟಿ ಮುಚ್ಚೋದು ಒಂದೇ ಥರ, ಸದ್ದು ಯಾಕೆ ಬೇರೆ?

ಪ್ರಶ್ನೆ: ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತೆ, ಆದ್ರೂ ಸದ್ದು ಬೇರೆ ಬೇರೆ ಬರೋದು ಹೇಗೆ? ಘೋಷ, ಅಘೋಷ ಅಂತಾರಲ್ಲ ಅಂತ ಗಂಟಲ ಮೇಲೆ ಕೈ ಇಟ್ಟು ನೋಡ್ದೆ, ಪ ಅಂದ್ರೂ ನಡುಗುತ್ತೆ, ಬ ಅಂದ್ರೂ ನಡುಗುತ್ತೆ.

ಉತ್ತರ: ಕೈ ಇಟ್ಟು ನೋಡಿದ್ರಲ್ಲ, ಅದೇ ಸರಿಯಾದ ದಾರಿ. ಎರಡಕ್ಕೂ ನಡುಗಿದ್ದೂ ಸರಿನೇ, ಯಾಕಂದ್ರೆ ನೀವು ಹೇಳಿದ್ದು ಬರೀ ಪ್ ಅಲ್ಲ, ಅದ್ರ ಹಿಂದೆ ಅ ಇದೆ, ಪಿಸುಗುಟ್ಟದೆ ಮಾತಾಡಿದ್ರೆ ಸ್ವರಗಳೆಲ್ಲ ಗಂಟಲು ನಡುಗಿಸ್ಕೊಂಡೇ ಬರೋದು.

ಈಗ ಅಪ್ಪ, ಅಬ್ಬ, ಅಮ್ಮ ಅಂತ ಹೇಳಿ, ಮಧ್ಯದ ಒತ್ತಕ್ಷರದಲ್ಲಿ ತುಟಿ ಮುಚ್ಚಿದ ಹಾಗೇ ಒಂಚೂರು ನಿಲ್ಲಿಸಿ. ಅಪ್ಪ ಅಂದಾಗ ತುಟಿ ಮುಚ್ಚಿದ ತಕ್ಷಣ ಗಂಟಲು ಪೂರ್ತಿ ಸೈಲೆಂಟ್. ಅಬ್ಬ ಅಂದಾಗ ತುಟಿ ಮುಚ್ಚಿದ್ರೂ ಒಳಗೆ ಗುಂಯ್ ಅಂತಾನೇ ಇರುತ್ತೆ. ಆ ನಡುಕ ಧ್ವನಿತಂತುಗಳದ್ದು, ಗಂಟಲಲ್ಲಿರೋ ಎರಡು ಪುಟ್ಟ ಮಡಿಕೆಗಳು, ಶ್ವಾಸಕೋಶದಿಂದ ಬರೋ ಗಾಳಿಗೆ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ 200ರ ಆಸುಪಾಸು ಬಡ್ಕೋತವೆ. ಅವು ನಡುಗಿದ್ರೆ ಘೋಷ, ಸುಮ್ನಿದ್ರೆ ಅಘೋಷ, ಅಷ್ಟೇ.

ಇನ್ನೊಂದು ಗಮನಿಸಿ, ಬ್ಬ ಅನ್ನೋದನ್ನ ತುಂಬಾ ಹೊತ್ತು ಎಳೆಯೋಕೆ ಆಗಲ್ಲ. ಗಾಳಿಗೆ ಹೊರಗೆ ಹೋಗೋಕೆ ದಾರಿ ಇಲ್ಲ, ಬಾಯೊಳಗೇ ತುಂಬ್ಕೊಂಡು ಕೆನ್ನೆ ಉಬ್ಬುತ್ತೆ, ಒಳಗಿನ ಒತ್ತಡ ಗಂಟಲ ಕೆಳಗಿನ ಒತ್ತಡದಷ್ಟೇ ಆಗ್ತಾ ಬಂದ್ಹಾಗೆ ಗಾಳಿಯ ಹರಿವೇ ನಿಂತು ನಡುಕ ತಾನಾಗೇ ನಿಲ್ಲುತ್ತೆ. ಆದ್ರೆ ಮ್ಮ ಮಾತ್ರ ಉಸಿರು ಇರೋವರೆಗೂ ಎಳೀಬಹುದು! ಅಂಗುಳಿನ ಹಿಂಭಾಗದಲ್ಲಿ ಮೆತ್ತಗಿರೋ ಭಾಗ ಇದೆಯಲ್ಲ, ಮೃದು ತಾಲು, ಅದು ಮ ಹೇಳುವಾಗ ಕೆಳಗೆ ಇಳಿದು ಗಾಳಿಗೆ ಮೂಗಿನ ದಾರಿ ಬಿಡುತ್ತೆ, ಇದೇ ಅನುನಾಸಿಕ. ಮ್ಮ್ಮ್ ಅಂತ ಎಳೀತಾ ಮೂಗು ಹಿಡೀರಿ, ಸದ್ದು ಅಲ್ಲಿಗೇ ಕಟ್. ನೆಗಡಿಯಾಗಿ ಮೂಗು ಕಟ್ಟಿದಾಗ ಅಮ್ಮ ಅನ್ನೋದು ಅಬ್ಬ ಥರ ಕೇಳೋದೂ ಇದಕ್ಕೇ.

ಫ, ಭ ಮಹಾಪ್ರಾಣ, ತುಟಿ ಬಿಟ್ಟಾಗ ಗಾಳಿ ಜೋರಾಗಿ ನುಗ್ಗುತ್ತೆ, ಬಾಯಿ ಮುಂದೆ ತೆಳು ಪೇಪರ್ ಹಿಡಿದು ಫ ಅಂದ್ರೆ ಅಲ್ಲಾಡೋದು ಕಾಣುತ್ತೆ.

ಇಷ್ಟು ಗೊತ್ತಾದ್ಮೇಲೆ ವರ್ಣಮಾಲೆ ತೆಗೆದು ನೋಡಿ, ನಂಗಂತೂ ಪ್ರತಿ ಸಲ ಖುಷಿಯಾಗುತ್ತೆ. ಪ್ರತಿ ಸಾಲಲ್ಲೂ ಮೊದಲೆರಡು ಅಘೋಷ, ಆಮೇಲಿನ ಎರಡು ಘೋಷ, ಐದನೇದು ಅನುನಾಸಿಕ, ಸಾಲುಗಳೂ ಕ ಇಂದ ಪ ವರೆಗೆ ಬಾಯಿಯ ಹಿಂಭಾಗದಿಂದ ತುಟಿ ಕಡೆಗೆ ಬರ್ತವೆ. ಮುಂದೆ ಅಕ್ಕ, ಅಗ್ಗ ಅಂತ ಇದೇ ಪರೀಕ್ಷೆ ಮಾಡಿ, ಅಗ್ಗದ ನಡುಕ ಅಬ್ಬದ್ದಕ್ಕಿಂತ ಬೇಗ ಸೋಲುತ್ತೆ, ಗಾಳಿ ತುಂಬ್ಕೊಳ್ಳೋಕೆ ಅಲ್ಲಿ ಹಿಂದೆ ಜಾಗ ಕಮ್ಮಿ.